ಮನೆ ಬಾಗಿಲಿಗೆ ಬಂದ ಪಾಠ: ಕೇರಳದಲ್ಲಿ ಕ್ಯಾನ್ಸರ್ ತಿಳಿವಳಿಕೆಯ ಕಥೆ

ಕೊಚ್ಚಿ ನಗರದ ಪೂರ್ವಕ್ಕಿರುವ ಅಂಬಲಮುಗಳ್ ಹೊರಗಿನವರಿಗೆ ಪರಿಚಯವಾದದ್ದು ಅಲ್ಲಿನ ತೈಲ ಶುದ್ಧೀಕರಣಾಗಾರದಿಂದ. 1966ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಸರಿಸುಮಾರು ಅದೇ ಕಾಲದಲ್ಲಿ, ಅದೇ ಎರ್ನಾಕುಳಂ ಜಿಲ್ಲೆಯ ಹಳ್ಳಿಗಳಲ್ಲಿ ದಂತವೈದ್ಯರ ಒಂದು ತಂಡ ಮನೆಯಿಂದ ಮನೆಗೆ ತಿರುಗುತ್ತಿತ್ತು. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಏನು ಜಗಿಯುತ್ತೀರಿ, ಏನು ಸೇದುತ್ತೀರಿ, ಎಷ್ಟು ವರ್ಷದಿಂದ ಎಂದು ಕೇಳಿ ಬರೆದುಕೊಳ್ಳುವುದು, ಆಮೇಲೆ ಬಾಯಿ ತೆಗೆಸಿ ಕೆನ್ನೆಯ ಒಳಭಾಗವನ್ನು ಪರೀಕ್ಷಿಸುವುದು ಅವರ ಕೆಲಸ. ಶುದ್ಧೀಕರಣಾಗಾರದ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಬಾಯಿ ನೋಡುತ್ತ ತಿರುಗಿದವರ ಕೆಲಸ ಹಾಗೆ ಕಣ್ಣಿಗೆ ಬೀಳುವಂಥದ್ದಲ್ಲ. ಈ ಬರಹ ಅದರ ಬಗ್ಗೆ.

ಇವತ್ತು ಕೇರಳದಲ್ಲಿ ಕ್ಯಾನ್ಸರ್ ಕುರಿತ ಉಚಿತ ತರಗತಿ ಎಂದರೆ ಯಾರಿಗೂ ಅಚ್ಚರಿಯಿಲ್ಲ. ಊರಿನ ವಾಚನಾಲಯದಲ್ಲಿ, ಪಂಚಾಯಿತಿ ಸಭಾಂಗಣದಲ್ಲಿ, ಕುಟುಂಬಶ್ರೀ ಮಹಿಳೆಯರ ಸಭೆಯಲ್ಲಿ, ಕಾರ್ಖಾನೆಯ ಕಾಲೊನಿಯಲ್ಲಿ ಅಂಥವು ನಡೆಯುತ್ತವೆ. ಒಬ್ಬ ವೈದ್ಯರು ಬರುತ್ತಾರೆ, ನಾಲ್ಕು ಚಿತ್ರ ತೋರಿಸುತ್ತಾರೆ, ಮುನ್ಸೂಚನೆಗಳನ್ನು ಹೇಳುತ್ತಾರೆ, ಚಹಾ ಕುಡಿದು ಎಲ್ಲರೂ ಮನೆಗೆ ಹೋಗುತ್ತಾರೆ. ನಮ್ಮ ಊರುಗಳಲ್ಲೂ ಇದು ನಡೆಯುತ್ತದೆ. ಇಂಥ ಸಭೆಯಲ್ಲಿ ಕೂತವರಿಗೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಬರುವ ಅನುಮಾನವೊಂದಿದೆ: ಇದರಿಂದ ಏನಾದರೂ ಆಗುತ್ತದೆಯೇ? ಮಾತು ಕೇಳಿ ಯಾರಾದರೂ ಹೊಗೆಸೊಪ್ಪು ಬಿಟ್ಟಿದ್ದಾರೆಯೇ? ಪಾಠ ಹೇಳಿದ್ದರಿಂದ ಒಂದು ಸಾವಾದರೂ ತಪ್ಪಿದೆಯೇ?

ಅನುಮಾನ ನ್ಯಾಯವಾದದ್ದೇ. ಅದಕ್ಕೆ ಅಂಕಿಗಳಲ್ಲಿ ಉತ್ತರ ಹುಡುಕಿದ ಜಾಗಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಎರ್ನಾಕುಳಂ ಮತ್ತು ತಿರುವನಂತಪುರ ಅವುಗಳಲ್ಲಿ ಎರಡು. ನಮ್ಮ ಕೋಲಾರವೂ ಆ ಪಟ್ಟಿಯಲ್ಲಿದೆ.

ನೆಯ್ಯೂರಿನ ಆಸ್ಪತ್ರೆ

ಕಥೆ ಶುರುವಾಗುವುದು ತಿರುವಾಂಕೂರು ಸಂಸ್ಥಾನದ ದಕ್ಷಿಣ ತುದಿಯಲ್ಲಿ. ನೆಯ್ಯೂರು ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿದೆ. ಆಗ ಅದು ತಿರುವಾಂಕೂರಿನ ಊರು, ಲಂಡನ್ ಮಿಷನ್‌ನವರ ಆಸ್ಪತ್ರೆಗೆ ಹೆಸರಾಗಿತ್ತು. 1908ರಲ್ಲಿ ಅಲ್ಲಿನ ವೈದ್ಯ ಬೆಂಟಾಲ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಿರುವಾಂಕೂರಿನ 1,700 ಕ್ಯಾನ್ಸರ್ ರೋಗಿಗಳ ಸಾರಾಂಶವೊಂದನ್ನು ಪ್ರಕಟಿಸಿದರು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಫೆಲ್ಸ್ ಎಂಬ ವೈದ್ಯರು ದಕ್ಷಿಣ ಭಾರತದ ಬಾಯಿ ಕ್ಯಾನ್ಸರ್ ಬಗ್ಗೆ ಬರೆದು 209 ಶಸ್ತ್ರಚಿಕಿತ್ಸೆಗಳ ಲೆಕ್ಕ ಕೊಟ್ಟರು. ಯುರೋಪಿನ ವೈದ್ಯರಿಗೆ ಅಪರೂಪವಾಗಿದ್ದ ರೋಗ ಇಲ್ಲಿ ದಿನನಿತ್ಯದ ಕೆಲಸವಾಗಿತ್ತು.

1922ರ ಎವರೆಸ್ಟ್ ಯಾತ್ರೆ ಮುಗಿಸಿದ ಇಂಗ್ಲಿಷ್ ಶಸ್ತ್ರವೈದ್ಯ ಹೋವರ್ಡ್ ಸೋಮರ್ವೆಲ್ ನೆಯ್ಯೂರಿಗೆ ಬಂದು, ಅಲ್ಲಿ ಕಾದು ಕೂತಿದ್ದ ರೋಗಿಗಳ ಗುಂಪನ್ನು ಕಂಡು, ಲಂಡನ್ನಿನ ವೃತ್ತಿಜೀವನವನ್ನು ಬಿಟ್ಟು ಇಲ್ಲೇ ನೆಲೆಸಿದ್ದು ಪ್ರಸಿದ್ಧ ಕಥೆ. 1924ರಲ್ಲಿ ಮತ್ತೊಮ್ಮೆ ಎವರೆಸ್ಟ್‌ಗೆ ಹೋಗಿ 28,000 ಅಡಿಯವರೆಗೆ ಹತ್ತಿ ಬಂದರೂ ಅವರ ಬದುಕಿನ ದೊಡ್ಡ ಭಾಗ ಕಳೆದದ್ದು ನೆಯ್ಯೂರಿನಲ್ಲಿ. ಬಾಯಿ ಕ್ಯಾನ್ಸರ್‌ಗೆ ರೇಡಿಯಂ ಚಿಕಿತ್ಸೆ ಕೊಟ್ಟ ಮೊದಮೊದಲ ಜಾಗಗಳಲ್ಲಿ ಈ ಹಳ್ಳಿಯ ಆಸ್ಪತ್ರೆಯೂ ಒಂದು. 1933ರಲ್ಲಿ ಅಲ್ಲಿನ ಇನ್ನೊಬ್ಬ ವೈದ್ಯ ಐ. ಎಂ. ಓರ್, ತಿರುವಾಂಕೂರಿನ ಎಲೆಯಡಿಕೆ ಜಗಿಯುವವರ ಬಾಯಿ ಕ್ಯಾನ್ಸರ್ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದರು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿದ ಆ ಉಂಡೆಯೇ ಅವರ ಲೇಖನದ ವಸ್ತು.

ಹೊಗೆಸೊಪ್ಪು ತಿರುವಾಂಕೂರಿಗೆ ಹೊರಗಿನದು. ಜಾಫ್ನಾದಿಂದ ಹಡಗಿನಲ್ಲಿ ಬರುತ್ತಿದ್ದ ಅದರ ವ್ಯಾಪಾರ ಬಹುಕಾಲ ಸಂಸ್ಥಾನದ ಏಕಸ್ವಾಮ್ಯವಾಗಿತ್ತು. ದಿವಾನ್ ಟಿ. ಮಾಧವರಾಯರು 1863ರಲ್ಲಿ ಅದನ್ನು ತೆಗೆದುಹಾಕುವವರೆಗೂ ಜನರ ಈ ಚಟದಿಂದ ಬೊಕ್ಕಸ ತುಂಬುತ್ತಿತ್ತು. ನೆಯ್ಯೂರಿನ ವೈದ್ಯರು ಕತ್ತರಿಸಿ ತೆಗೆಯುತ್ತಿದ್ದ ಹುಣ್ಣುಗಳ ಹಿಂದೆ ಇಷ್ಟು ಹಳೆಯ ವ್ಯಾಪಾರವಿತ್ತು.

1933ರ ಹೊತ್ತಿಗೆ ಕಾರಣ ಯಾವುದೆಂಬುದು ವೈದ್ಯರಿಗೆ ಹೆಚ್ಚುಕಡಿಮೆ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಇಂಗ್ಲಿಷಿನಲ್ಲಿತ್ತು, ಲಂಡನ್ನಿನಲ್ಲಿ ಅಚ್ಚಾಗಿತ್ತು. ತಿರುವಾಂಕೂರಿನ ಜಗಲಿಯ ಮೇಲೆ ಕೂತು ಸಂಚಿ ಬಿಚ್ಚುತ್ತಿದ್ದವರಿಗೆ ಅದು ತಲುಪಲಿಲ್ಲ. ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಕೆನ್ನೆಗೆ ತೂತು ಬಿದ್ದಿರುತ್ತಿತ್ತು, ಇಲ್ಲವೇ ಕತ್ತಿನಲ್ಲಿ ಗಂಟು ಎದ್ದಿರುತ್ತಿತ್ತು. ಆಗ ವೈದ್ಯರ ಬಳಿ ಉಳಿದಿರುತ್ತಿದ್ದುದು ಚಾಕು ಮತ್ತು ರೇಡಿಯಂ ಮಾತ್ರ. ತಿಳಿದವರಿಗೂ ತಿಳಿಯಬೇಕಾದವರಿಗೂ ನಡುವಿನ ಈ ದೂರ ಕಡಿಮೆಯಾಗಲು ಇನ್ನೂ ನಾಲ್ಕು ದಶಕ ಬೇಕಾಯಿತು.

ಭೌತವಿಜ್ಞಾನಿಗಳ ಮನೆಯ ದಂತವೈದ್ಯರು

ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಎಂದರೆ ನಮಗೆ ನೆನಪಾಗುವುದು ಹೋಮಿ ಭಾಭಾ, ಪರಮಾಣು, ಗಣಿತ. ಅಂಥ ಜಾಗದಲ್ಲಿ ದಂತವೈದ್ಯಕೀಯದ ಒಂದು ಪುಟ್ಟ ಸಂಶೋಧನಾ ಘಟಕವೂ ಇತ್ತು. ಅದರ ಮುಖ್ಯಸ್ಥರು ಫಾಲಿ ಮೆಹ್ತಾ. ಡೆನ್ಮಾರ್ಕಿನ ಬಾಯಿರೋಗ ತಜ್ಞ ಯೆನ್ಸ್ ಪಿಂಡ್‌ಬೋರ್ಗ್, ಸಂಖ್ಯಾಶಾಸ್ತ್ರ ಬಲ್ಲ ಪ್ರಕಾಶ್ ಗುಪ್ತಾ, ದಂತವೈದ್ಯರಾದ ದಫ್ತರಿ, ಭೋನ್ಸ್ಲೆ, ಮೂರ್ತಿ ಮುಂತಾದವರು ಇವರ ಜೊತೆಗಿದ್ದರು. ಎರ್ನಾಕುಳಂನ ಹಳ್ಳಿಗಳಿಗೆ ಬಂದದ್ದು ಈ ತಂಡವೇ.

ಆಸ್ಪತ್ರೆಯಲ್ಲಿ ಕೂತರೆ ಕಾಣುವುದು ರೋಗ ಬಂದವರು ಮಾತ್ರ. ರೋಗ ಬರುವ ಮುಂಚೆ ಬಾಯಲ್ಲಿ ಏನಾಗುತ್ತದೆ ಎಂದು ತಿಳಿಯಬೇಕಾದರೆ ಆರೋಗ್ಯವಾಗಿರುವವರ ಬಾಯಿಗಳನ್ನು ನೋಡಬೇಕು, ಅದೂ ಸಾವಿರಾರು ಸಂಖ್ಯೆಯಲ್ಲಿ. ತಂಡ ಕೇರಳದ ಎರ್ನಾಕುಳಂ, ಆಂಧ್ರದ ಶ್ರೀಕಾಕುಳಂ, ಗುಜರಾತಿನ ಭಾವನಗರ, ಆಗಿನ ಬಿಹಾರದ ಸಿಂಗಭೂಮ್ ಮತ್ತು ದರ್ಭಂಗಾ, ಈ ಐದು ಜಿಲ್ಲೆಗಳ 50,915 ಹಳ್ಳಿಗರನ್ನು ಪರೀಕ್ಷಿಸಿತು. ಫಲಿತಾಂಶ 1969ರಲ್ಲಿ ಪ್ರಕಟವಾಯಿತು. ಒಂದೊಂದು ಕಡೆ ಒಂದೊಂದು ರೂಢಿ. ಶ್ರೀಕಾಕುಳಂನಲ್ಲಿ ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುತ್ತಿದ್ದರು, ಹೆಂಗಸರಲ್ಲಂತೂ ಇದು ಹೆಚ್ಚು. ಎರ್ನಾಕುಳಂನಲ್ಲಿ ಹೊಗೆಸೊಪ್ಪು ಸೇರಿದ ಎಲೆಯಡಿಕೆ ಮತ್ತು ಬೀಡಿ.

ಆಮೇಲೆ ಎರ್ನಾಕುಳಂ, ಶ್ರೀಕಾಕುಳಂ, ಭಾವನಗರಗಳ ಸುಮಾರು 30,000 ಜನರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದರು. ಆಗ ಸ್ಪಷ್ಟವಾದ ಸಂಗತಿ ಇಂದಿನ ಎಲ್ಲ ತರಗತಿಗಳಿಗೂ ತಳಪಾಯ. ಬಾಯಿ ಕ್ಯಾನ್ಸರ್ ಬಹುಮಟ್ಟಿಗೆ ತಂಬಾಕು ಬಳಸುವವರಲ್ಲೇ ಹುಟ್ಟುತ್ತದೆ, ಮತ್ತು ಹೆಚ್ಚಿನ ಸಲ ಅದು ಏಕಾಏಕಿ ಬರುವುದಿಲ್ಲ. ಅದಕ್ಕೂ ಮುಂಚೆ ಕೆನ್ನೆಯ ಒಳಗೋ ಒಸಡಿನ ಮೇಲೋ ಉಜ್ಜಿದರೆ ಹೋಗದ ಬಿಳಿ ಮಚ್ಚೆ ಬಂದಿರುತ್ತದೆ, ಕೆಲವೊಮ್ಮೆ ಕೆಂಪು ಮಚ್ಚೆ. ಎಲ್ಲ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ಕ್ಯಾನ್ಸರ್ ಆಗುವಂಥದ್ದು ಎಷ್ಟೋ ವರ್ಷ ಕಣ್ಣಿಗೆ ಕಾಣುವ ಹಾಗೆ ಅಲ್ಲೇ ಕೂತಿರುತ್ತದೆ. ಇದನ್ನು ನೋಡಲು ಯಂತ್ರ ಬೇಕಿಲ್ಲ, ಬೆಳಕು ಮತ್ತು ಕಣ್ಣು ಸಾಕು.

ಪಾಠವೇ ಮದ್ದಾದಾಗ

1977ರ ಹೊತ್ತಿಗೆ ತಂಡದ ಮುಂದೆ ಹೊಸ ಪ್ರಶ್ನೆ ಬಂತು. ಕಾರಣ ಗೊತ್ತಾಯಿತು, ಈಗ ಹೇಳಿದರೆ ಜನ ಕೇಳುತ್ತಾರೆಯೇ? ಕೇಳಿದರೆ ಬಾಯಲ್ಲಿ ವ್ಯತ್ಯಾಸ ಕಾಣುತ್ತದೆಯೇ? ಅದೇ ಮೂರು ಜಿಲ್ಲೆಗಳಲ್ಲಿ ತಂಬಾಕು ಬಳಸುವ 36,000 ಜನರನ್ನು ಆರಿಸಿಕೊಂಡರು. ಈ ಸಲ ದಂತವೈದ್ಯರ ಜೊತೆ ಸಮಾಜವಿಜ್ಞಾನಿಗಳೂ ಇದ್ದರು. ಅವರಲ್ಲಿ ಮುಖ್ಯರಾದವರು ಮೀರಾ ಆಘಿ. ಮುಂದೆ ಭಾರತದ ತಂಬಾಕು ವಿರೋಧಿ ಕೆಲಸದಲ್ಲಿ ದೊಡ್ಡ ಹೆಸರಾದವರು.

ವರ್ಷಕ್ಕೊಮ್ಮೆ ಮನೆಗೆ ಹೋಗಿ ಬಾಯಿ ನೋಡುವುದು, ಆ ಬಾಯಲ್ಲಿ ಕಂಡದ್ದನ್ನು ಅವರಿಗೇ ಹೇಳುವುದು, ಬಿಡಲು ಒಪ್ಪಿದರೆ ಹೇಗೆ ಬಿಡಬಹುದೆಂದು ಕೂತು ಮಾತಾಡುವುದು. ಜೊತೆಗೆ ಚಲನಚಿತ್ರ, ರೇಡಿಯೊ ಕಾರ್ಯಕ್ರಮ, ಪತ್ರಿಕಾ ಲೇಖನಗಳು. ಐದು ವರ್ಷವಾದ ಮೇಲೂ ನೂರರಲ್ಲಿ 97 ಜನರನ್ನು ಮತ್ತೆ ಪರೀಕ್ಷಿಸಲು ಸಾಧ್ಯವಾಗಿತ್ತು. ಹಳ್ಳಿಗಾಡಿನಲ್ಲಿ ಕೆಲಸ ಮಾಡಿದವರಿಗೆ ಇದು ಎಷ್ಟು ಕಷ್ಟದ ಸಂಖ್ಯೆ ಎಂದು ಗೊತ್ತು.

1986ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಫಲಿತಾಂಶವನ್ನು ಎರಡು ಬಗೆಯಲ್ಲಿ ಓದಬಹುದು. ಎರ್ನಾಕುಳಂನಲ್ಲಿ ಪಾಠ ಕೇಳಿದವರಲ್ಲಿ ತಂಬಾಕನ್ನು ಪೂರ್ತಿ ಬಿಟ್ಟವರು ನೂರಕ್ಕೆ ಸುಮಾರು 9. ಐದು ವರ್ಷ ಮನೆಮನೆ ಅಲೆದು ಇಷ್ಟೇನಾ ಎನಿಸುತ್ತದೆ. ಆದರೆ ಇನ್ನೂ ಎಷ್ಟೋ ಜನ ಬಿಡದಿದ್ದರೂ ಕಡಿಮೆ ಮಾಡಿದ್ದರು. ಅದರ ಪರಿಣಾಮ ಬಾಯಲ್ಲಿ ಕಾಣುತ್ತಿತ್ತು. ಹೊಸದಾಗಿ ಬಿಳಿ ಮಚ್ಚೆ ಬರುವ ಪ್ರಮಾಣ, ಹಿಂದಿನ ಹತ್ತು ವರ್ಷದ ಅಧ್ಯಯನದ ಜನರಿಗೆ ಹೋಲಿಸಿದರೆ, ಎರ್ನಾಕುಳಂನಲ್ಲಿ ಗಂಡಸರಲ್ಲೂ ಹೆಂಗಸರಲ್ಲೂ ಸುಮಾರು ಕಾಲುಭಾಗಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಿತ್ತು.

ಇದರಲ್ಲಿ ಒಂದು ಕೊರತೆಯಿದೆ. ಹೋಲಿಕೆಗೆ ಇಟ್ಟುಕೊಂಡ ಗುಂಪು ಬೇರೆ ಕಾಲದ್ದು. ಹತ್ತು ವರ್ಷದಲ್ಲಿ ಊರಿನಲ್ಲಿ ಬೇರೆ ಬದಲಾವಣೆಗಳೂ ಆಗಿರಬಹುದು. ಆದರೆ ತಂಬಾಕು ಕೊಲ್ಲುತ್ತದೆಂದು ಗೊತ್ತಾದ ಮೇಲೂ ಕೆಲವರಿಗೆ ಹೇಳಿ ಕೆಲವರಿಗೆ ಹೇಳದೆ ಸುಮ್ಮನೆ ಕೂತು ನೋಡುವುದು ಸರಿಯೇ ಎಂಬ ಪ್ರಶ್ನೆಯೂ ಅಷ್ಟೇ ಭಾರದ್ದು. ಅದೇನೇ ಇರಲಿ, ಮನೆಗೆ ಬಂದು ಹೇಳಿದ ಮಾತನ್ನು ಒಂದು ಮದ್ದಿನ ಹಾಗೆ ಪರಿಗಣಿಸಿ, ಅದರ ಪರಿಣಾಮವನ್ನು ಬಾಯೊಳಗೆ ಎಣಿಸಿ ತೋರಿಸಿದ್ದು ದೊಡ್ಡ ಹೆಜ್ಜೆ.

ಕೋಲಾರದ ಕಡ್ಡಿಪುಡಿ

ಇದೇ ಪ್ರಶ್ನೆಯನ್ನು ಕರ್ನಾಟಕದಲ್ಲೂ ಕೇಳಲಾಯಿತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ಸಂಶೋಧಕರು 1980ರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆಯನ್ನು ಆರಿಸಿಕೊಂಡರು. ಅಲ್ಲಿ ಗಂಡಸರು ಬೀಡಿ ಸೇದುತ್ತಿದ್ದರು, ಹೆಂಗಸರು ಎಲೆಯಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುತ್ತಿದ್ದರು. ಹೊಲದ ಕೆಲಸದ ನಡುವೆ ಹಸಿವು ಮರೆಸುವುದು, ಹಲ್ಲುನೋವಿಗೆ ಸಮಾಧಾನ, ನಾಲ್ಕು ಜನ ಕೂತಾಗ ಕೈಗೆ ಕೈ ದಾಟುವ ಸ್ನೇಹ, ಎಲ್ಲವೂ ಆ ಪುಡಿಯಲ್ಲಿತ್ತು.

117 ಹಳ್ಳಿಗಳಲ್ಲಿ ಸಿನಿಮಾ ತೋರಿಸಿದರು, ಚಿತ್ರಗಳ ಪ್ರದರ್ಶನ ಇಟ್ಟರು, ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ಒಬ್ಬೊಬ್ಬರ ಜೊತೆ ಮಾತಾಡಿದರು. ಅದೇ ಜಿಲ್ಲೆಯ ಬೇರೆ ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಂಡರು. 1995ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಪಾಠ ನಡೆದ ಹಳ್ಳಿಗಳಲ್ಲಿ ತಂಬಾಕು ಬಿಟ್ಟ ಗಂಡಸರು ನೂರಕ್ಕೆ 26.5, ಹೆಂಗಸರು 36.7. ಹೋಲಿಕೆಯ ಹಳ್ಳಿಗಳಲ್ಲಿ ಬಿಟ್ಟವರು ನೂರಕ್ಕೆ ಒಂದೆರಡು.

ಹೆಂಗಸರು ಹೆಚ್ಚು ಬಿಟ್ಟರು ಎಂಬುದನ್ನು ಗಮನಿಸಬೇಕು. ಊರ ನಡುವಿನ ಸಭೆಗೆ ಬರುವವರು ಸಾಮಾನ್ಯವಾಗಿ ಗಂಡಸರು. ಹಿತ್ತಲಲ್ಲಿ ಕೆಲಸ ಮಾಡುತ್ತಿರುವವಳನ್ನು ಮಾತಾಡಿಸಬೇಕಾದರೆ ಪಾಠ ಹಿತ್ತಲಿನವರೆಗೆ ಹೋಗಬೇಕು. ಕೋಲಾರದಲ್ಲಿ ಅದು ಹೋಯಿತು.

ಕ್ಯಾನ್ಸರ್ ಎಂಬ ಪದವನ್ನು ಗಟ್ಟಿಯಾಗಿ ಹೇಳಲೂ ಜನ ಹಿಂಜರಿಯುತ್ತಿದ್ದ ಕಾಲ ಅದು. ಕನ್ನಡದಲ್ಲಿ ಸಾಮಾನ್ಯ ಮಹಿಳೆಯರಿಗೆ ಅರ್ಥವಾಗುವ ಹಾಗೆ ಆರೋಗ್ಯದ ಪುಸ್ತಕಗಳನ್ನು ಬರೆದು ಮನೆಮಾತಾದ ಡಾ. ಅನುಪಮಾ ನಿರಂಜನ ತಾವೇ ಈ ರೋಗದಿಂದ 1991ರಲ್ಲಿ ತೀರಿಕೊಂಡರು. ವೈದ್ಯರ ಮಾತನ್ನು ಅಡುಗೆಮನೆಯ ಭಾಷೆಗೆ ತಂದವರಲ್ಲಿ ಅವರು ಮೊದಲ ಸಾಲಿನವರು.

ಅಕ್ಷರ ಕಲಿಸಿದ ಕೈಗಳು

ಮತ್ತೆ ಕೇರಳಕ್ಕೆ ಬರೋಣ. 1981ರಲ್ಲಿ ತಿರುವನಂತಪುರದಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಆರಂಭವಾಯಿತು. ಅದರ ಸ್ಥಾಪಕ ನಿರ್ದೇಶಕ ಡಾ. ಎಂ. ಕೃಷ್ಣನ್ ನಾಯರ್ ಆಸ್ಪತ್ರೆಯ ಗೋಡೆಯ ಆಚೆಗೂ ನೋಡಿದರು. ಕೇರಳಕ್ಕೆಂದು ಹತ್ತು ವರ್ಷದ ಕ್ಯಾನ್ಸರ್ ನಿಯಂತ್ರಣ ಯೋಜನೆಯೊಂದು 1988ರಲ್ಲಿ ರೂಪುಗೊಂಡಿತು. ತಂಬಾಕು ಬಿಡಿಸುವುದು, ಬೇಗ ಪತ್ತೆ ಹಚ್ಚುವುದು, ಗುಣವಾಗದವರ ನೋವು ತಗ್ಗಿಸುವುದು ಮೂರೂ ಅದರಲ್ಲಿದ್ದವು.

ಯೋಜನೆ ಹಾಕಿದರೆ ಸಾಲದು, ಅದನ್ನು ಹೊತ್ತು ಊರೂರು ಸುತ್ತುವ ಜನ ಬೇಕು. ಆ ಜನ ಕೇರಳದಲ್ಲಿ ಆಗಷ್ಟೇ ತಯಾರಾಗಿದ್ದರು. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ವಿಜ್ಞಾನವನ್ನು ಮಲಯಾಳದಲ್ಲಿ, ಊರ ಸಭೆಗಳಲ್ಲಿ ಹೇಳುವ ರೂಢಿ ಬೆಳೆಸಿತ್ತು. ಪಿ. ಎನ್. ಪಣಿಕ್ಕರ್ ಅವರ ಗ್ರಂಥಾಲಯ ಚಳವಳಿ ಹಳ್ಳಿಹಳ್ಳಿಗೂ ವಾಚನಾಲಯ ಕಟ್ಟಿಸಿತ್ತು. 1989ರಲ್ಲಿ ಎರ್ನಾಕುಳಂ ಜಿಲ್ಲೆಯಲ್ಲಿ ಸಾವಿರಾರು ಸ್ವಯಂಸೇವಕರು ಸಂಬಳವಿಲ್ಲದೆ ಮನೆಮನೆಗೆ ಹೋಗಿ ಹಿರಿಯರಿಗೆ ಅಕ್ಷರ ಕಲಿಸಿದರು. 1990ರ ಫೆಬ್ರವರಿ 4ರಂದು ಪ್ರಧಾನಿ ವಿ. ಪಿ. ಸಿಂಗ್ ಅದನ್ನು ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಘೋಷಿಸಿದರು. ಜಗಲಿಯ ಮೇಲೆ ಕೂತು ಅಪರಿಚಿತರಿಂದ ಪಾಠ ಹೇಳಿಸಿಕೊಳ್ಳುವುದು ಅಲ್ಲಿನ ಅಜ್ಜ ಅಜ್ಜಿಯರಿಗೆ ಅವಮಾನದ ಸಂಗತಿಯಾಗಿ ಉಳಿದಿರಲಿಲ್ಲ.

ಕ್ಯಾನ್ಸರ್ ಪಾಠ ಇದೇ ದಾರಿ ಹಿಡಿಯಿತು. ಎರ್ನಾಕುಳಂನಲ್ಲಿ ಪ್ರಾಥಮಿಕ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅವರು ತಮ್ಮ ದಿನದ ಸುತ್ತಾಟದಲ್ಲೇ ಸುಮಾರು 39,000 ಜನರ ಬಾಯಿ ನೋಡಬಲ್ಲರು ಎಂಬುದನ್ನು ಮೆಹ್ತಾ ಅವರ ತಂಡ ಅದಾಗಲೇ ತೋರಿಸಿತ್ತು. ತಿರುವನಂತಪುರದಲ್ಲಿ ಕಾಲೇಜು ವಿದ್ಯಾರ್ಥಿಗಳು ಸುಮಾರು 9,000 ಮನೆಗಳಿಗೆ ಒಂದು ಕಿರುಹೊತ್ತಗೆ ಹಂಚಿದರು. ಕನ್ನಡಿಯ ಮುಂದೆ ನಿಂತು ತುಟಿ, ಕೆನ್ನೆ, ನಾಲಗೆ, ಅಂಗುಳ ನೋಡಿಕೊಳ್ಳುವುದು ಹೇಗೆಂದು ಅದರಲ್ಲಿ ಬರೆದಿತ್ತು. ನೂರರಲ್ಲಿ 36 ಜನ ನಿಜವಾಗಿಯೂ ನೋಡಿಕೊಂಡರು. 247 ಜನ ಅನುಮಾನದಿಂದ ಆಸ್ಪತ್ರೆಗೆ ಬಂದರು, ಅವರಲ್ಲಿ ಏಳು ಜನರಿಗೆ ಕ್ಯಾನ್ಸರ್ ಇತ್ತು. ಏಳು ಎಂಬುದು ಸಣ್ಣ ಸಂಖ್ಯೆ. ಆ ಏಳೂ ಜನ ತಮ್ಮ ರೋಗವನ್ನು ತಾವೇ ಕಂಡುಹಿಡಿದಿದ್ದರು.

13 ಪಂಚಾಯಿತಿಗಳು

ಇಷ್ಟಾದರೂ ಕೊನೆಯ ಪ್ರಶ್ನೆ ಉಳಿದಿತ್ತು. ಮಚ್ಚೆ ಕಡಿಮೆಯಾಗುವುದು ಬೇರೆ, ಸಾವು ಕಡಿಮೆಯಾಗುವುದು ಬೇರೆ. ತಿರುವನಂತಪುರ ಕೇಂದ್ರದಲ್ಲಿ ಕೆಲಸ ಮಾಡಿ ಆಮೇಲೆ ಫ್ರಾನ್ಸಿನ ಲಿಯೋನ್‌ನ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಹೋದ ಡಾ. ಆರ್. ಶಂಕರನಾರಾಯಣನ್ ಮತ್ತು ಕೇಂದ್ರದ ಸಹೋದ್ಯೋಗಿಗಳು ಸೇರಿ ಇದನ್ನು ಪರೀಕ್ಷಿಸಿದರು. ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳು. ಚೀಟಿ ಎತ್ತಿದ ಹಾಗೆ ಏಳನ್ನು ತಪಾಸಣೆಗೆ, ಆರನ್ನು ಹೋಲಿಕೆಗೆ ಹಂಚಲಾಯಿತು. 35 ದಾಟಿದ ಒಟ್ಟು 1,90,000ಕ್ಕೂ ಹೆಚ್ಚು ಜನ. ಬಾಯಿ ನೋಡಿದವರು ವೈದ್ಯರಲ್ಲ. ಪದವಿ ಓದಿದ, ಈ ಕೆಲಸಕ್ಕೆಂದೇ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಮೂರು ವರ್ಷಕ್ಕೊಮ್ಮೆ ಅವರು ಬಾಗಿಲಿಗೆ ಬರುತ್ತಿದ್ದರು. 1996ರಲ್ಲಿ ಕೆಲಸ ಶುರುವಾಯಿತು.

2005ರ ಫಲಿತಾಂಶ: ತಪಾಸಣೆಯ ಪಂಚಾಯಿತಿಗಳಲ್ಲಿ 205 ಜನರಿಗೆ ಬಾಯಿ ಕ್ಯಾನ್ಸರ್ ಪತ್ತೆಯಾಗಿ 77 ಜನ ತೀರಿಕೊಂಡಿದ್ದರು. ಹೋಲಿಕೆಯ ಪಂಚಾಯಿತಿಗಳಲ್ಲಿ 158 ಜನರಿಗೆ ಪತ್ತೆಯಾಗಿ 87 ಸಾವು. ಹುಡುಕಿದ ಕಡೆ ಹೆಚ್ಚು ಸಿಕ್ಕಿತು, ಆದರೆ ಕಡಿಮೆ ಜನ ಸತ್ತರು. ಒಟ್ಟು ಜನರಲ್ಲಿ ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು ಎನ್ನುವಷ್ಟು ಚಿಕ್ಕದು. ಆದರೆ ತಂಬಾಕು ಅಥವಾ ಮದ್ಯ ಬಳಸುವವರನ್ನು ಮಾತ್ರ ಎಣಿಸಿದಾಗ ಸಾವು ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಅದು ಆಕಸ್ಮಿಕವಲ್ಲ. 15 ವರ್ಷದ ಲೆಕ್ಕ 2013ರಲ್ಲಿ ಬಂದಾಗ, ಇಂಥವರ ಪೈಕಿ ನಾಲ್ಕೂ ಸುತ್ತಿಗೆ ತಪ್ಪದೆ ಬಾಯಿ ತೋರಿಸಿದವರಲ್ಲಿ ಬಾಯಿ ಕ್ಯಾನ್ಸರ್ ಸಾವು ನೂರಕ್ಕೆ 81ರಷ್ಟು ಕಡಿಮೆಯಾಗಿತ್ತು. ನಾಲ್ಕು ಸಲವೂ ತಪ್ಪದೆ ಬರುವವರು ಮೊದಲೇ ಆರೋಗ್ಯದ ಬಗ್ಗೆ ಎಚ್ಚರವಾಗಿರುವವರೂ ಆಗಿರಬಹುದು, ಆ ಲೆಕ್ಕದಲ್ಲಿ ಸ್ವಲ್ಪ ಕಳೆಯಬೇಕು. ಕಳೆದ ಮೇಲೂ ಉಳಿಯುವುದು ಕಡಿಮೆಯಲ್ಲ.

ಹೋಲಿಕೆಯ ಆರು ಪಂಚಾಯಿತಿಗಳ ಆ 87 ಸಾವುಗಳನ್ನು ಮರೆಯಬಾರದು. ಬಾಯಿ ನೋಡುವುದರಿಂದ ಸಾವು ತಪ್ಪುತ್ತದೆಯೇ ಎಂದು ಈ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಜಗತ್ತಿನಲ್ಲಿ ಅದೇ ಮೊದಲು. ಉತ್ತರ ಮುಂಚೆಯೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, 2006ರಿಂದ 2009ರ ನಡುವೆ, ಆ ಪಂಚಾಯಿತಿಗಳ ಜನರಿಗೂ ಒಂದು ಸುತ್ತು ತಪಾಸಣೆ ನಡೆಯಿತು.

ನಿಭಾಯಿಸುವ ಪಾಠ

ಇಲ್ಲಿಯವರೆಗಿನದು ತಡೆಯುವ ಪಾಠ. ತಡೆಯಲಾಗದೆ ಹೋದವರಿಗೆ ಏನು ಪಾಠ? ಈ ಎರಡನೆಯ ತರಗತಿ ಹುಟ್ಟಿದ್ದು ಕೇರಳದ ಇನ್ನೊಂದು ತುದಿಯಲ್ಲಿ, ಕಲ್ಲಿಕೋಟೆಯಲ್ಲಿ. 1993ರಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಕೆ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಉಪಶಮನ ಸಂಘವನ್ನು ಆರಂಭಿಸಿದರು. ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ಈ ದೇಶದಲ್ಲಿ, 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ, ನೋವಿನಿಂದ ಒದ್ದಾಡುವ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಸಿಗುತ್ತಿರಲಿಲ್ಲ. ಆ ಕಾಯ್ದೆಗೆ ತಿದ್ದುಪಡಿ ಬಂದದ್ದು 2014ರಲ್ಲಿ.

ಔಷಧಿ ಸಿಕ್ಕರೂ ರೋಗಿ ಆಸ್ಪತ್ರೆಗೆ ಬರುವ ಸ್ಥಿತಿಯಲ್ಲಿ ಇರುವುದಿಲ್ಲ. ಮನೆಯವರಿಗೆ ದಿಕ್ಕು ತೋಚುವುದಿಲ್ಲ. ಹಾಗಾಗಿ 1999ರ ನಂತರ ಮಲಪ್ಪುರಂ ಮತ್ತು ಸುತ್ತಲ ಜಿಲ್ಲೆಗಳಲ್ಲಿ ನೆರೆಹೊರೆಯವರನ್ನೇ ತಯಾರು ಮಾಡುವ ಜಾಲ ಬೆಳೆಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಯಾರೇ ಆಗಲಿ ಬರಬಹುದು. ಅವರಿಗೆ 16 ಗಂಟೆಯ ಪಾಠ, ಆಮೇಲೆ ನಾಲ್ಕು ದಿನ ರೋಗಿಗಳ ಮನೆಗೆ ಹೋಗಿ ಕಲಿಯುವುದು. ಆಟೊ ಓಡಿಸುವವರು, ಅಂಗಡಿಯವರು, ಗೃಹಿಣಿಯರು, ನಿವೃತ್ತ ಮೇಷ್ಟ್ರುಗಳು ಬಂದರು. ಮಲಗಿದವರನ್ನು ಹೇಗೆ ಮಗ್ಗುಲು ಬದಲಿಸಬೇಕು, ಹುಣ್ಣನ್ನು ಹೇಗೆ ತೊಳೆಯಬೇಕು, ಬಾಯಿ ಒಣಗಿದರೆ ಏನು ಮಾಡಬೇಕು ಎಂಬುದು ಪಾಠದ ಒಂದು ಭಾಗ. ಇನ್ನೊಂದು ಭಾಗ ಸುಮ್ಮನೆ ಕೂತು ಕೇಳುವುದು.

ಇದು ಎಷ್ಟು ಕಷ್ಟವೆಂದು ನಮ್ಮ ಮನೆಗಳಲ್ಲೂ ಗೊತ್ತಿದೆ. 'ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ' ಎನ್ನುವ ಮಗ. ಎಲ್ಲ ಗೊತ್ತಿದ್ದೂ ಮಗನಿಗೆ ನೋವಾದೀತೆಂದು ಏನೂ ಗೊತ್ತಿಲ್ಲದವರ ಹಾಗೆ ಇರುವ ಅಪ್ಪ. ಇಬ್ಬರೂ ಒಂದೇ ಮನೆಯಲ್ಲಿ ಒಬ್ಬೊಬ್ಬರೇ ಅಳುತ್ತಾರೆ. 'ಏನೂ ಆಗಲ್ಲ, ಎಲ್ಲ ಸರಿಹೋಗತ್ತೆ' ಎಂದುಬಿಟ್ಟರೆ ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಅದರ ಬದಲು 'ನಿಮಗೆ ಏನು ಯೋಚನೆ ಆಗ್ತಿದೆ?' ಎಂದು ಕೇಳಿ ಸುಮ್ಮನಿರುವುದನ್ನು ಆ ತರಗತಿ ಕಲಿಸುತ್ತದೆ.

2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಯನ್ನು ರಾಜ್ಯದ ನೀತಿಯಾಗಿ ಒಪ್ಪಿಕೊಂಡಿತು. ದೇಶದಲ್ಲಿ ಅದೇ ಮೊದಲು. ರಾಜಗೋಪಾಲ್ 2003ರಲ್ಲಿ ಕಟ್ಟಿದ ಪ್ಯಾಲಿಯಂ ಇಂಡಿಯಾ ತಿರುವನಂತಪುರದಿಂದ ಈಗಲೂ ದೇಶದ ಬೇರೆ ಭಾಗಗಳವರಿಗೆ ತರಬೇತಿ ಕೊಡುತ್ತಿದೆ. ಬೆಂಗಳೂರಿನಲ್ಲಿ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯ 1999ರಿಂದ ಇದೆ. ಆದರೆ ಊರಿನವರೇ ಊರಿನವರನ್ನು ನೋಡಿಕೊಳ್ಳುವ ಜಾಲ ಮಲಪ್ಪುರಂನಲ್ಲಿ ಬೇರು ಬಿಟ್ಟ ಹಾಗೆ ನಮ್ಮ ಜಿಲ್ಲೆಗಳಲ್ಲಿ ಇನ್ನೂ ಬಿಟ್ಟಿಲ್ಲ.

ಅಡಿಕೆಯ ಮಾತು

ಕನ್ನಡದ ಓದುಗರಿಗೆ ಈ ಕಥೆಯಲ್ಲಿ ಒಂದು ಇರುಸುಮುರುಸಿದೆ, ಅದನ್ನು ತಪ್ಪಿಸಿಕೊಳ್ಳಲಾಗದು. 1985ರಲ್ಲಿ ಲಿಯೋನ್‌ನ ಸಂಸ್ಥೆ ಹೊಗೆಸೊಪ್ಪು ಸೇರಿದ ಎಲೆಯಡಿಕೆ ಕ್ಯಾನ್ಸರ್‌ಕಾರಕ ಎಂದಿತು. 2004ರ ವರದಿಯಲ್ಲಿ ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯನ್ನೂ, ಅಡಿಕೆಯನ್ನೇ ಪ್ರತ್ಯೇಕವಾಗಿಯೂ ಅದೇ ಪಟ್ಟಿಗೆ ಸೇರಿಸಿತು. ಅಡಿಕೆ ಹೆಚ್ಚು ಜಗಿಯುವವರ ಬಾಯಿ ಬರಬರುತ್ತ ತೆರೆಯಲಾಗದಷ್ಟು ಬಿಗಿದುಕೊಳ್ಳುವ ರೋಗ ದಂತವೈದ್ಯರಿಗೆಲ್ಲ ಪರಿಚಿತ. ದೇಶದ ಅಡಿಕೆಯ ಬಹುಪಾಲು ಬೆಳೆಯುವುದು ಕರ್ನಾಟಕದಲ್ಲಿ. ಶಿರಸಿ, ಸಾಗರ, ತೀರ್ಥಹಳ್ಳಿ, ಪುತ್ತೂರು, ಕಾಸರಗೋಡಿನ ಎಷ್ಟೋ ಮನೆಗಳ ಮಕ್ಕಳ ಓದು, ಮದುವೆ, ಸಾಲದ ಕಂತು ನಿಂತಿರುವುದು ಆ ತೋಟದ ಮೇಲೆ. ಕವಳದ ಹರಿವಾಣ ಮುಂದಿಡದೆ ಮನೆಗೆ ಬಂದವರನ್ನು ಮಾತಾಡಿಸುವುದು ಎಂದರೇನೆಂದೇ ಅಲ್ಲಿನ ಹಿರಿಯರಿಗೆ ಗೊತ್ತಿಲ್ಲ.

ಆದ್ದರಿಂದಲೇ ಬೆಳೆಗಾರರ ಊರಿನಲ್ಲಿ ಕ್ಯಾನ್ಸರ್ ತರಗತಿ ನಡೆದರೆ ಭಾಷಣಕಾರರು ಹೊಗೆಸೊಪ್ಪಿನವರೆಗೆ ಬಂದು ನಿಲ್ಲುತ್ತಾರೆ. ತಿರುವಾಂಕೂರಿನ ಬೊಕ್ಕಸ ಜಾಫ್ನಾ ಹೊಗೆಸೊಪ್ಪಿನ ಆದಾಯ ನೋಡುತ್ತಿದ್ದ ಕಾಲಕ್ಕಿಂತ ಇದು ಬಹಳ ಬೇರೆಯೇ ಎಂದು ನಾವು ಕೇಳಿಕೊಳ್ಳಬೇಕು. ಬೆಳೆಗಾರರ ಬದುಕಿಗೆ ದಾರಿ ತೋರಿಸದೆ ಅಡಿಕೆ ಬಿಡಿ ಎನ್ನುವುದು ಸುಲಭ. ಬೆಳೆಗಾರರ ಹೆಸರಿನಲ್ಲಿ, ಜಗಿಯುವವರಿಂದ ತಿಳಿದದ್ದನ್ನು ಮುಚ್ಚಿಡುವುದು ಇನ್ನೂ ಸುಲಭ. 1933ರಲ್ಲಿ ತಿಳಿವಳಿಕೆ ಜಗಲಿ ತಲುಪದಿದ್ದುದಕ್ಕೆ ಭಾಷೆಯ ನೆಪವಿತ್ತು. ಈಗ ಆ ನೆಪ ಇಲ್ಲ.

ತರಗತಿಯಿಂದ ಏನಾಗುತ್ತದೆ ಎಂಬ ಅನುಮಾನಕ್ಕೆ ಈ ಇತಿಹಾಸ ಕೊಡುವ ಉತ್ತರ ಸರಳವಾಗಿದೆ. ಒಂದು ದಿನದ ಭಾಷಣದಿಂದ ಏನಾಯಿತೆಂದು ಇವರಾರೂ ಅಳೆಯಲಿಲ್ಲ. ಕೆಲಸ ಮಾಡಿದ್ದು ಮತ್ತೆ ಮತ್ತೆ ಬಂದ ಪಾಠ, ಮನೆಯೊಳಗೆ ಬಂದ ಪಾಠ, ಕೇಳಿದವರ ಬಾಯನ್ನೇ ನೋಡಿ ಹೇಳಿದ ಪಾಠ, ಅನುಮಾನ ಬಂದರೆ ಹೋಗಲು ಒಂದು ಆಸ್ಪತ್ರೆ ಇದೆ ಎನ್ನುವ ಭರವಸೆಯ ಜೊತೆ ಬಂದ ಪಾಠ.

2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 30 ದಾಟಿದ ಎಲ್ಲರಿಗೂ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಮಾರ್ಗಸೂಚಿ ತಂದಿತು. ಅದರ ಮೊದಲ ಹೆಜ್ಜೆ ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬಿಸುವ ಒಂದು ನಮೂನೆ. ತಂಬಾಕು ಬಳಸುತ್ತೀರಾ, ಬಾಯಲ್ಲಿ ವಾಸಿಯಾಗದ ಹುಣ್ಣು ಇದೆಯೇ, ಬಾಯಿ ಪೂರ್ತಿ ತೆರೆಯಲು ಕಷ್ಟವೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಎರ್ನಾಕುಳಂನ ಜಗಲಿಗಳಲ್ಲಿ 1966ರಲ್ಲಿ ಕೇಳಿದ ಪ್ರಶ್ನೆಗಳು ಅಷ್ಟು ದೂರ ನಡೆದು ಈಗ ನಮ್ಮ ಬಾಗಿಲಿಗೆ ಬಂದಿವೆ. ಹೆಚ್ಚಿನ ಮನೆಗಳಲ್ಲಿ ಅವಸರಕ್ಕೆ 'ಇಲ್ಲ, ಇಲ್ಲ, ಏನೂ ಇಲ್ಲ' ಎಂದು ಹೇಳಿ ಕಳಿಸುತ್ತೇವೆ. ಮುಂದಿನ ಸಲ ಆಕೆ ಬಂದಾಗ ಕೂರಿಸಿ, ಮನೆಯಲ್ಲಿ ಎಲೆಯಡಿಕೆ ಹಾಕುವ ಹಿರಿಯರನ್ನೂ ಕರೆದು, ನಿಜ ಹೇಳಿ. ಎರಡು ವಾರ ಕಳೆದರೂ ಮಾಯದ ಹುಣ್ಣೋ, ಉಜ್ಜಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆಯೋ ಕಂಡರೆ ಆಕೆ ಹೇಳುವ ಆಸ್ಪತ್ರೆಗೆ ಆ ವಾರವೇ ಹೋಗಿ.